ಬಿಡದಿಯಲ್ಲಿ ಬಿದ್ದ ಸಾರಸ್

ಪಾಂಡವಪುರ
6 ಮಾರ್ಚ್ 2009, ಶುಕ್ರವಾರ

ಕಾಲೇಜಿನಿಂದ ಬಂದು ಟೀವಿ ಹಾಕಿದರೆ ಬಿಡದಿ ಹತ್ತಿರ ವಿಮಾನ ಬಿದ್ದ ಸುದ್ದಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಸಾರಸ್, ಎರಡನೇ ಮಾದರಿ. ಮೂರು ಗಂಟೆಗೆ ಸ್ವಲ್ಪ ಮುಂಚೆ ಎಚ್‌ಎಎಲ್ ನಿಲ್ದಾಣದಿಂದ ಪರೀಕ್ಷೆಗೆಂದು ಹಾರಿದ್ದು, ಮೂರೂವರೆ ದಾಟುತ್ತಲೇ ಸಂಪರ್ಕ ಕಡಿದುಕೊಂಡು ಬಯಲಿಗೆ ಬಿದ್ದು ಉರಿದುಹೋಗಿದೆ. ಒಳಗಿದ್ದ ಮೂವರೂ ವಾಯುಪಡೆಯವರು. ಒಬ್ಬರೂ ಉಳಿಯಲಿಲ್ಲ.

9 ಮಾರ್ಚ್, ಸೋಮವಾರ

ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಕ್ಲಾಸಿಗೆ ಹೋಗಿ ಮೊದಲು ತೀರಿಕೊಂಡ ಮೂವರ ಈ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದೆ.

ಕೆ.ಆರ್. ಪೇಟೆ ಕಡೆಯ ಹುಡುಗನೊಬ್ಬ ಎದ್ದು ನಿಂತ. “ಮೇಲ್ಹೋಗಿ ಇಂಜಿನ್ನ ಅವ್ರೇ ಆಫ್ ಮಾಡಿದ್ರಂತಲ್ಲ ಸಾರ್, ಯಾಕೆ?”

ಪಾಠ ಅಲ್ಲಿಗೇ ಬಿಟ್ಟೆ. ಎರಡು ಎಂಜಿನ್ನಿನ ವಿಮಾನದಲ್ಲಿ ಒಂದು ಎಂದಾದರೂ ಕೈಕೊಡಬಹುದು. ಆಗ ಅದನ್ನು ಹಾರುತ್ತಲೇ ಮತ್ತೆ ಹೊತ್ತಿಸುವ ಬಗೆ ಗೊತ್ತಿರಬೇಕು. ಗೊತ್ತಾಗಬೇಕಾದರೆ ಯಾರೋ ಮೊದಲು ಬೇಕೆಂದೇ ಆರಿಸಿ ನೋಡಬೇಕು. ಮುಂದೆ ಅದರಲ್ಲಿ ಕೂರುವ ಹದಿನಾಲ್ಕು ಜನರ ಸಲುವಾಗಿ ಇವರು ಆ ಕೆಲಸಕ್ಕೆ ಹೋದವರು. ನಿಂತ ಎಂಜಿನ್ನಿನ ಪ್ರೊಪೆಲರ್ ಎಲೆಗಳನ್ನು ಗಾಳಿಗೆ ಅಂಚು ಕೊಡುವಂತೆ ತಿರುಗಿಸಬೇಕು, ಅಡ್ಡ ನಿಂತರೆ ಅವೇ ವಿಮಾನವನ್ನು ಹಿಂದಕ್ಕೆ ಜಗ್ಗುತ್ತವೆ ಎಂದು ರಟ್ಟಿನ ಚೂರು ಹಿಡಿದು ತೋರಿಸಿದೆ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

12 ಸೆಪ್ಟೆಂಬರ್ 2010, ಭಾನುವಾರ

ವಿಮಾನಯಾನ ನಿಯಂತ್ರಕ ಡಿಜಿಸಿಎ ತನಿಖೆಯ ತೀರ್ಮಾನ ಓದಿದೆ. ಎಂಜಿನ್ ಮತ್ತೆ ಹೊತ್ತಿಸಲು ವಿನ್ಯಾಸಕಾರರು ರೂಪಿಸಿದ್ದ ಕ್ರಮವೇ ತಪ್ಪು. ಅದನ್ನು ಸಾಕಷ್ಟು ಎತ್ತರವಿಲ್ಲದಾಗ ಮಾಡಲಾಯಿತು. ಸಿಬ್ಬಂದಿಯ ನಡುವೆ ಹೊಂದಾಣಿಕೆ ಸಾಲದು ಎಂಬ ಮಾತೂ ಇದೆ. ಆದರೆ ಪ್ರೊಪೆಲರ್ ತಯಾರಿಸಿದ ಕಂಪನಿಯನ್ನು ಕೇಳದೆಯೇ ಆ ಕ್ರಮ ಬರೆದಿದ್ದರು ಎಂಬಲ್ಲಿಗೆ ಬಂದಾಗ ಕೈ ನಡುಗಿತು. ಒಂದು ಪತ್ರ ಬರೆದು ಕೇಳಬಹುದಾಗಿದ್ದ ಸಂಗತಿ!

ಹೋಟೆಲಿನಲ್ಲಿ ಕೂತವರು “ಪೈಲಟ್‌ದೇ ತಪ್ಪಂತೆ” ಅಂದರು. ನಾನು ಸುಮ್ಮನಿರಲಿಲ್ಲ. ಮೇಲೆ ಹೋದವರ ಕೈಯಲ್ಲಿದ್ದದ್ದು ಕೆಳಗೆ ಕೂತು ಬರೆದ ಕಾಗದ. ಆ ಕಾಗದಕ್ಕೆ ಮೊದಲು ಲೆಕ್ಕ ಕೇಳಬೇಕು.

24 ಜನವರಿ 2018, ಬುಧವಾರ

ಸಾರಸ್ ಇವತ್ತು ಮತ್ತೆ ಹಾರಿತು, ಅದೇ ಎಚ್‌ಎಎಲ್ ನಿಲ್ದಾಣದಿಂದ, ನಲವತ್ತು ನಿಮಿಷ. ಹಳೆಯ ಮೊದಲ ಮಾದರಿಯನ್ನೇ ತಿದ್ದಿ ಸಿದ್ಧಪಡಿಸಿದ್ದಾರೆ. ಒಂಬತ್ತು ವರ್ಷ ಮೂಲೆಗೆ ಬಿದ್ದಿದ್ದ ಕೆಲಸ ಎದ್ದು ನಿಂತಿದ್ದಕ್ಕೆ ನಿಜಕ್ಕೂ ಸಂತೋಷ. ಎಂಜಿನ್ ಆರಿಸಿ ನೋಡುವ ಸರದಿ ಈ ವಿಮಾನಕ್ಕೂ ಬರುತ್ತದೆ. ಈ ಸಲ ಪ್ರೊಪೆಲರ್ ಮಾಡಿದವರನ್ನು ಕೇಳಿರಲಿ, ಎತ್ತರ ಸಾಕಷ್ಟಿರಲಿ.