ಎರಡು ಮೇರೆಗಳ ನಡುವೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಹಸಿರಾದ ಸೀಮೆ ನಮ್ಮ ಸಿಂಧನೂರು. ಅಲ್ಲಿನ ಶಾಲೆಯೊಂದರಲ್ಲಿ ನಾನು ಕನ್ನಡ ಅಧ್ಯಾಪಕನಾಗಿದ್ದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಗಣಿತದ ಅಧ್ಯಾಪಕರು ರಜೆಯಲ್ಲಿದ್ದಾಗ ಅವರ ತರಗತಿಯು ಕೆಲವು ದಿನ ನನ್ನ ಪಾಲಿಗೆ ಬಂದಿತು. ಆಗ ಮಾಡಿದ ತಪ್ಪೊಂದನ್ನು ನಾನು ಇಂದಿಗೂ ಮರೆತಿಲ್ಲ.

ಮಕ್ಕಳಿಗೆ ಈ ಲೆಕ್ಕ ಕೊಟ್ಟಿದ್ದೆ: “ರೈತನೊಬ್ಬನ ಬಳಿ 40 ಮೀಟರ್ ಬೇಲಿಯಿದೆ. ಅದರಿಂದ ಆಯತಾಕಾರದ ಸಸಿಮಡಿಯನ್ನು ಸುತ್ತುವರಿಯಬೇಕು. ವಿಸ್ತೀರ್ಣ 75 ಚದರ ಮೀಟರಿಗೆ ಕಡಿಮೆಯಾಗಬಾರದು. ಒಂದು ಬದಿ ಎಷ್ಟಿರಬಹುದು?” ಒಂದು ಬದಿ ಕ್ಷ ಆದರೆ ಇನ್ನೊಂದು 20 − ಕ್ಷ, ವಿಸ್ತೀರ್ಣ ಕ್ಷ(20 − ಕ್ಷ). ಅದನ್ನು 75ಕ್ಕೆ ಸಮನೆಂದು ಬಿಡಿಸಿ, 5 ಮತ್ತು 15 ಎಂಬ ಉತ್ತರ ಪಡೆದು ನಾನು ತೃಪ್ತನಾಗಿದ್ದೆ. ಒಬ್ಬ ಹುಡುಗಿ ಮಾತ್ರ “5ರಿಂದ 15ರವರೆಗೆ ಎಷ್ಟಾದರೂ” ಎಂದು ಬರೆದಿದ್ದಳು. ನಾನು ಕೆಂಪು ಗೆರೆ ಎಳೆದೆ.

“ಸರ್, 10 ಮೀಟರ್ ಇಟ್ರ ಸಾಲಂಗಿಲ್ಲೇನ್ರಿ?” ಎಂದಳು.

“ಲೆಕ್ಕಕ್ಕೆ ನಿಶ್ಚಿತವಾದ ಉತ್ತರ ಬೇಕು” ಎಂದು ಗದರಿದೆ. ಅವಳು ಕಣ್ಣು ತುಂಬಿಕೊಂಡು ಕುಳಿತಳು.

ಮನಸ್ಸು ತಡೆಯದೆ ಆ ರಾತ್ರಿ ಗ್ರಾಫ್ ಹಾಳೆಯನ್ನು ಹರಡಿದೆ. ಸಮತಲ ಅಕ್ಷದಲ್ಲಿ ಬದಿಯ ಅಳತೆ, ಲಂಬ ಅಕ್ಷದಲ್ಲಿ ವಿಸ್ತೀರ್ಣ. ಬದಿ 0 ಆದಾಗ ವಿಸ್ತೀರ್ಣ 0; 5ಕ್ಕೆ 75; 10ಕ್ಕೆ 100; 15ಕ್ಕೆ ಮತ್ತೆ 75; 20ಕ್ಕೆ ಮತ್ತೆ 0. ಬಿಂದುಗಳನ್ನು ಕೂಡಿಸಲು, ಬೋರಲು ಹಾಕಿದ ಬೋಗುಣಿಯಂತಹ ಪರವಲಯವು ಮೂಡಿತು. 75ರ ಎತ್ತರದಲ್ಲಿ ಅಡ್ಡಗೆರೆ ಎಳೆದೆ. ಪರವಲಯವು ಆ ಗೆರೆಯಿಂದ ಮೇಲಿದ್ದುದು 5 ಮತ್ತು 15ರ ನಡುವೆ. ಆ ಎರಡು ಸಂಖ್ಯೆಗಳು ಮೇರೆಗಳು; ಅವುಗಳೂ ಸೇರಿ ನಡುವಿನ ಪ್ರತಿಯೊಂದು ಸಂಖ್ಯೆಯೂ ಉತ್ತರವೇ ಆಗಿತ್ತು. ‘75ಕ್ಕಿಂತ ಹೆಚ್ಚಿರಬೇಕು’ ಎಂದಿದ್ದರೆ ಮೇರೆಗಳೆರಡನ್ನೂ ಬಿಡಬೇಕಾಗುತ್ತಿತ್ತು. ಗಣಿತಜ್ಞರು ವರ್ಗ ಅಸಮತೆ ಎನ್ನುವುದು ಇದನ್ನೇ.

ನೃಪತುಂಗನ ಕಾಲದ ಕವಿರಾಜಮಾರ್ಗವನ್ನು ವರ್ಷವರ್ಷವೂ ಬೋಧಿಸಿದವನು ನಾನು. ಅದೇ 9ನೆಯ ಶತಮಾನದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ವರ್ಗಸಮೀಕರಣಕ್ಕೆ ಎರಡು ಮೂಲಗಳಿರಬಹುದೆಂದು ಅರಿತಿದ್ದನು. ಅಂತಹ ಎರಡು ಮೂಲಗಳನ್ನು ಹಿಡಿದು ನಿಂತ ನಾನು ನಡುವಿನ ಬಯಲನ್ನು ಕಾಣದೆ ಹೋಗಿದ್ದೆ.

ಮರುದಿನ ತರಗತಿಯ ಮುಂದೆ ತಪ್ಪೊಪ್ಪಿಕೊಂಡು, ಅವಳ ಕೈಗೆ ಸೀಮೆಸುಣ್ಣ ಕೊಟ್ಟೆ. “ಹೆಂಗ ಹೊಳೀತವ್ವ ನಿನಗ?” ಎಂದು ಕೇಳಿದೆ.

“ಗದ್ದಿಗೆ ನೀರು ಕಡಿಮಿ ಆದ್ರ ಪೈರು ಒಣಗ್ತದ, ಭಾಳ ಆದ್ರ ಕೊಳೀತದ. ನಡುವ ಎಷ್ಟಿದ್ರೂ ಬೆಳೀತದಲ್ರಿ” ಎಂದಳು.

ಅಂದಿನಿಂದ ಕೆಂಪು ಗೆರೆ ಎಳೆಯುವ ಮೊದಲು ಮಕ್ಕಳ ಉತ್ತರವನ್ನು ಇನ್ನೊಮ್ಮೆ ಓದುವುದನ್ನು ರೂಢಿಸಿಕೊಂಡೆ.