ಜೋಡಿ ಬಾಣದ ದಿನಚರಿ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ಎಂಬುದೊಂದಿದೆ. ನಿನ್ನೆ ಏನು ಮಾಡಿದೆ, ಇವತ್ತೇನು ಮಾಡುತ್ತೇನೆ ಎಂದು ಎಲ್ಲರೂ ಸರದಿಯಂತೆ ಒಪ್ಪಿಸಬೇಕು. ಇವತ್ತಿನದನ್ನು ಹೇಗೋ ಕಟ್ಟಿ ಹೇಳಬಹುದು, ನಿನ್ನೆಯದೇ ಕಷ್ಟ. ದಿನವಿಡೀ ಕೀಬೋರ್ಡ್ ಕುಟ್ಟಿದವನ ಬಾಯಿಗೂ ಬರುವುದು ‘ಅದೇ, ಆ ಬಗ್ ನೋಡ್ತಾ ಇದ್ದೆ’ ಎಂಬಷ್ಟೇ. ಈ ಲೇಖಕ ಟರ್ಮಿನಲ್ ಎಂಬ, ಕಮಾಂಡು ಟೈಪಿಸುವ ಕಪ್ಪು ಪರದೆಯಲ್ಲಿ ದಿನಚರಿ ಬರೆಯತೊಡಗಿದ್ದು ಶಿಸ್ತಿನ ಮೇಲಿನ ಪ್ರೀತಿಯಿಂದಲ್ಲ, ಆ ಮುಜುಗರ ತಪ್ಪಿಸಿಕೊಳ್ಳಲು.

ಏರ್ಪಾಡು ಸರಳ. ಎಕೋ ಎಂಬ ಕಮಾಂಡು, ಒಂದು ಸಾಲು, ಆಮೇಲೆ >> ಎಂಬ ಜೋಡಿ ಬಾಣ, ಕೊನೆಗೆ ಫೈಲಿನ ಹೆಸರು. ತಾರೀಕು, ಗಂಟೆಯನ್ನು ಡೇಟ್ ಕಮಾಂಡು ತುಂಬಿಕೊಡುತ್ತದೆ. ಜೋಡಿ ಬಾಣವಿದ್ದರೆ ಸಾಲು ಫೈಲಿನ ತುದಿಗೆ ಹೋಗಿ ಕೂರುತ್ತದೆ. ಒಂಟಿ ಬಾಣವಾದರೆ ಹಳೆಯದೆಲ್ಲ ಅಳಿದು ಹೊಸ ಸಾಲೊಂದೇ ಉಳಿಯುತ್ತದೆ, ಸಾಮಾನ್ಯವಾಗಿ ‘ಅಳಿಸಲೇ?’ ಎಂದು ಕೇಳುವ ಸೌಜನ್ಯವೂ ಇಲ್ಲದೆ. ಬಲ್ಲವರು ಇದನ್ನೆಲ್ಲ ಎರಡಕ್ಷರದ ಪುಟ್ಟ ಕಮಾಂಡಿನೊಳಗೆ ಅಡಗಿಸಿಟ್ಟುಕೊಳ್ಳುತ್ತಾರೆ.

ಟರ್ಮಿನಲ್ಲಿನಲ್ಲಿ ಕಮಾಂಡುಗಳನ್ನು ನಡೆಸಿಕೊಡುವ ಬ್ಯಾಷ್ ತಾನಾಗಿಯೇ ಹಿಸ್ಟರಿ ಇಡುತ್ತದಲ್ಲ ಎನ್ನಬಹುದು. ಇಡುತ್ತದೆ; ಬೇರೆ ಸೂಚನೆ ಕೊಡದಿದ್ದರೆ ಕೊನೆಯ 500 ಕಮಾಂಡು, ಅದೂ ಹೊತ್ತುಗೊತ್ತಿಲ್ಲದೆ. ಏನು ಮಾಡಿದೆ ಎಂಬುದು ಅದಕ್ಕೆ ಗೊತ್ತು, ಯಾಕೆ ಮಾಡಿದೆ ಎಂಬುದು ಗೊತ್ತಿಲ್ಲ.

ಇಂಥ ದಿನಚರಿಗಳಲ್ಲೆಲ್ಲ ಹೆಸರಾದದ್ದು ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ಪುಸ್ತಕ. 1947ರ ಸೆಪ್ಟೆಂಬರ್ 9ರ ಮಧ್ಯಾಹ್ನ 3.45ಕ್ಕೆ 70ನೇ ರಿಲೇಯಲ್ಲಿ ಸಿಕ್ಕ ಪತಂಗವನ್ನು ಅಲ್ಲಿನವರು ಟೇಪು ಹಚ್ಚಿ ಪುಟಕ್ಕೇ ಅಂಟಿಸಿದರು. ಪುಸ್ತಕ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ನಿಜವಾಗಿ ಸಿಕ್ಕ ‘ಬಗ್’, ಅಂದರೆ ಹುಳು, ಎಂದು ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಹೇಳಿ ಹೇಳಿ ಪ್ರಸಿದ್ಧವಾದ ಆ ಪತಂಗವನ್ನು ನೋಡದವರಿಲ್ಲ. ಈ ಲೇಖಕನಿಗೆ ಇಷ್ಟವಾಗುವುದು ಅದರ ಮೇಲೆ ಕೆಳಗಿನ ಸಾಲುಗಳು: ಬೆಳಿಗ್ಗೆ 8ಕ್ಕೆ ಲೆಕ್ಕ ಶುರು, 10ಕ್ಕೆ ನಿಲುಗಡೆ, ಸಂಜೆ 5ಕ್ಕೆ ಯಂತ್ರ ಬಂದ್. ಇತಿಹಾಸ ಸೃಷ್ಟಿಸಿದ ದಿನವೂ ಅವರು ಐದಕ್ಕೇ ಮುಚ್ಚಿದರು! ಮುಖ್ಯವಾದದ್ದನ್ನು ಮಾತ್ರ ಬರೆಯಹೊರಟವನಿಗೆ ಆ ಸಾಲುಗಳು ಹೊಳೆಯುತ್ತಿರಲಿಲ್ಲ.

ಕಂಪ್ಯೂಟರಿನ ಒಳಗೇ ದಿನಚರಿಗೊಂದು ಜಾಗ ಸಿಕ್ಕಿದ್ದು ಬಳಸುಹಾದಿಯಲ್ಲಿ. ಯಾರು ಸೀಟಿನಲ್ಲಿದ್ದಾರೆ, ಯಾರಿಲ್ಲ ಎಂದು ತಿಳಿಯಲು ಸ್ಟ್ಯಾನ್‌ಫರ್ಡ್‌ನ ಲೆಸ್ ಅರ್ನೆಸ್ಟ್ 1971ರಲ್ಲಿ ಫಿಂಗರ್ ಎಂಬ ಪ್ರೋಗ್ರಾಮ್ ಬರೆದರು. ಸೀಟಿನಲ್ಲಿಲ್ಲದವರು ಕಾರಣ ಬರೆದಿಡಲು ಪ್ಲಾನ್ ಎಂಬ ಫೈಲು ಸೇರಿತು. ಕಾಲು ಶತಮಾನದ ನಂತರ, 1996ರಲ್ಲಿ, ಕ್ವೇಕ್ ಎಂಬ ಕಂಪ್ಯೂಟರ್ ಆಟದ ಕೆಲಸದ ನಡುವೆ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅದನ್ನೇ ತಮ್ಮ ಕೆಲಸದ ದಿನಚರಿಯಾಗಿಸಿಕೊಂಡರು. ಮುಗಿಸಿದ ಕೆಲಸದ ಮುಂದೆ ಒಂದು ನಕ್ಷತ್ರ. ಬರೆದಿಟ್ಟು ಮುಂದೆಂದೋ ಸರಿಪಡಿಸಿದ್ದಕ್ಕೆ ಕೂಡುವ ಚಿಹ್ನೆ. ಕೆಲವು ದೋಷಗಳು ಸರಿಹೋಗುವ ಮೊದಲು ಹಲವು ಸಲ ಪಟ್ಟಿ ಸೇರುತ್ತವೆ ಎಂದೂ ಅವರೇ ಬರೆದಿದ್ದಾರೆ. ಫಿಂಗರ್ ಬಲ್ಲ ಯಾರು ಬೇಕಾದರೂ ಅದನ್ನು ಓದಬಹುದಿತ್ತು. ಮ್ಯಾನೇಜರ್ ಒಬ್ಬರ ಮುಂದೆ ಒಪ್ಪಿಸಲು ತಡವರಿಸುವವರು ಇದನ್ನು ಯೋಚಿಸಿ ನೋಡಬೇಕು.

ಈ ಲೇಖಕನ ತಾಯಿ ಒಮ್ಮೆ ಆ ಕಪ್ಪು ಪರದೆಯನ್ನು ಇಣುಕಿ, “ಇಷ್ಟು ಬರೆಯೋಕೆ ಕಂಪ್ಯೂಟರ್ ಬೇಕೇನೋ?” ಎಂದರು. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬಂದವರು ಅವರು. ವಾದಕ್ಕೆ ಇಳಿಯುವ ಧೈರ್ಯವಾಗಲಿಲ್ಲ.

ಪರದೆಯ ತೊಡಕು ಬೇರೆಯೇ ಇದೆ. ಒಂದಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದಲ್ಲಿ ನಡೆಯುವ ಬಹಳಷ್ಟು ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಹಾಗಾಗಿ ಈ ಲೇಖಕನ ದಿನಚರಿ ಇಂಗ್ಲಿಷ್ ಲಿಪಿಯ ಕನ್ನಡದಲ್ಲಿದೆ. ‘ಮುಗೀತು’ ಎಂಬುದಕ್ಕೆ ಇವತ್ತೊಂದು ಸ್ಪೆಲಿಂಗು, ನಾಳೆ ಇನ್ನೊಂದು. ಫೈಲಿನಲ್ಲಿ ಪದ ಹುಡುಕಲು ಕೆನ್ ಥಾಂಪ್ಸನ್ 1970ರ ದಶಕದಲ್ಲಿ ಬರೆದ ಗ್ರೆಪ್ ಕಮಾಂಡು ಅಕ್ಷರ ನೋಡುತ್ತದೆಯೇ ಹೊರತು ಉಚ್ಚಾರ ಕೇಳಿಸಿಕೊಳ್ಳುವುದಿಲ್ಲ. ಹುಡುಕಿದರೆ ಮುಗಿದ ಕೆಲಸಗಳೂ ಮುಗಿಯದವುಗಳ ಗುಂಪಿಗೆ ಸೇರಿಬಿಡುತ್ತವೆ. ಹೀಗಾಗಿ ಈಗ ಆ ಪದಕ್ಕೆ ಬದಲು ಕಾರ್ಮ್ಯಾಕ್ ಅವರ ನಕ್ಷತ್ರ ಬಂದಿದೆ. ‘ನಾಳೆ ನೋಡೋಣ’ ಎಂಬುದಕ್ಕಿನ್ನೂ ಚಿಹ್ನೆ ಸಿಕ್ಕಿಲ್ಲ.