ಸೆರೆಮನೆಯ ಕೋಣೆಗಳಲ್ಲಿ ವಾದ್ಯಗಳು

ಸ್ವಿಟ್ಜರ್ಲೆಂಡ್ ಎಂದೊಡನೆ ನಮಗೆ ಹಿಮ, ಗಡಿಯಾರ, ಚಾಕೊಲೇಟ್ ನೆನಪಾಗುತ್ತವೆ. ರೈನ್ ನದಿ ದಂಡೆಯ ಬಾಸೆಲ್ ನಗರವಾದರೋ ಔಷಧ ಕಂಪನಿಗಳಿಗೆ ಹೆಸರುವಾಸಿ. ಆದರೆ ಅಲ್ಲಿನ ಬಾರ್ಫ್ಯೂಸರ್ ಚೌಕದಲ್ಲಿ (ಬರಿಗಾಲ ಸನ್ಯಾಸಿಗಳ ಚೌಕ ಎಂದರ್ಥ) ಟ್ರಾಮ್ ಇಳಿದು ದಿಬ್ಬ ಹತ್ತಿದರೆ ಲೋನ್‌ಹೋಫ್ ಎಂಬ ಹಳೆಯ ಕಟ್ಟಡ ಸಿಗುತ್ತದೆ. ಒಂದು ಕಾಲಕ್ಕೆ ಮಠ, ಆಮೇಲೆ ಸೆರೆಮನೆ. 1995ರವರೆಗೂ ಇಲ್ಲಿ ಕೈದಿಗಳಿದ್ದರು. 2000ದಲ್ಲಿ ಇದು ಸಂಗೀತ ವಸ್ತುಸಂಗ್ರಹಾಲಯವಾಯಿತು. 24 ಕೋಣೆಗಳಲ್ಲಿ ಈಗಿರುವವು ಸುಮಾರು 650 ವಾದ್ಯಗಳು!

ತಮಟೆ, ತುತ್ತೂರಿಗಳ ಬಂಧುಗಳೂ ಇಲ್ಲಿ ಬೇಕಾದಷ್ಟಿವೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ವಯೊಲ ಡ ಗಾಂಬ. ಮೊಳಕಾಲುಗಳ ನಡುವೆ ಇರಿಸಿಕೊಂಡು ಕಮಾನಿನಿಂದ ನುಡಿಸುವ ಆರು ಅಥವಾ ಏಳು ತಂತಿಯ ವಾದ್ಯ. ತಂತಿ ಎಂದೆ, ನಿಜಕ್ಕೂ ಅದು ಕುರಿಯ ಕರುಳಿನಿಂದ ಹೊಸೆದದ್ದು. ನಮ್ಮ ವೀಣೆಗಿರುವಂತೆ ಇದಕ್ಕೂ ಮೆಟ್ಟಿಲುಗಳುಂಟು. ಆದರೆ ಮೇಣದಲ್ಲಿ ಕೂರಿಸಿದ ಲೋಹದವಲ್ಲ, ಕತ್ತಿಗೆ ಸುತ್ತಿ ಕಟ್ಟಿದ ಕರುಳಿನ ಎಳೆಗಳು. ಪಿಟೀಲು ನುಡಿಸುವವರಂತಲ್ಲದೆ, ಅಂಗೈ ಮೇಲ್ಮುಖವಾಗಿ ಕಮಾನು ಹಿಡಿಯಬೇಕು.

ಈ ವಾದ್ಯದ ಕೊನೆಯ ದೊಡ್ಡ ವಿದ್ವಾಂಸರಲ್ಲಿ ಒಬ್ಬನಾದ ಆಬೆಲ್ 1787ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ದೊಡ್ಡ ಸಭಾಂಗಣಗಳ ಕಾಲ ಬಂದಿತ್ತು; ಮೆಲುದನಿಯ ಗಾಂಬವನ್ನು ಕೇಳುವವರು ಕಡಿಮೆಯಾದರು. ಪಾಠಾಂತರ ಕಡಿಯಿತು. ಗುರುವಿನ ಎದುರು ಕುಳಿತು ಕಲಿಯುವ ನಮಗೆ ಇದರ ಕಷ್ಟ ಬೇಗ ಅರ್ಥವಾದೀತು. ಕಲಿಸುವವರೇ ಇಲ್ಲದ ವಿದ್ಯೆಯನ್ನು ಕಲಿಯುವುದು ಹೇಗೆ?

ಇದಕ್ಕೆ ಉತ್ತರ ಹುಡುಕಿದ ಶಾಲೆ ಇಲ್ಲಿಂದ ನಡೆದುಹೋಗುವಷ್ಟು ಹತ್ತಿರದಲ್ಲೇ ಇದೆ: ಸ್ಕೋಲಾ ಕಾಂಟೋರಮ್ ಬಾಸಿಲಿಯೆನ್ಸಿಸ್. 1933ರಲ್ಲಿ ಅದನ್ನು ತೆರೆದ ಪೌಲ್ ಸಾಖರ್‌ಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. (ಹೊಸ ಸಂಗೀತಕ್ಕೂ ಆತ ಪೋಷಕನೇ, ಬಾರ್ಟೋಕ್ ಆತನಿಗಾಗಿ ಕೃತಿ ರಚಿಸಿದ್ದಾನೆ.) ಜೊತೆಗಿದ್ದ ಔಗುಸ್ಟ್ ವೆಂಟ್ಸಿಂಗರ್ ಸೆಲ್ಲೊ ಕಲಿತವನು, ಗಾಂಬಕ್ಕೆ ತಿರುಗಿದ. ಅವರಿಗೆ ಗುರುಗಳಾದದ್ದು ಹಳೆಯ ಪುಸ್ತಕಗಳು, ಚಿತ್ರಗಳು, ಉಳಿದುಬಂದ ವಾದ್ಯಗಳು. ಕಮಾನು ಹಿಡಿಯುವ ಬಗೆಯನ್ನು 1659ರ ಸಿಂಪ್ಸನ್ನನ ಗ್ರಂಥ ತಿಳಿಸುತ್ತದೆ. ಆದರೆ ತಪ್ಪಿದಾಗ ಅದು ಗದರುವುದಿಲ್ಲ.

ಗಾಜಿನೊಳಗಿನ ಮುದಿ ವಾದ್ಯಗಳನ್ನೆಲ್ಲ ನುಡಿಸುವಂತಿಲ್ಲ. ತಂತಿ ಬಿಗಿದರೆ ಮರ ಸೀಳಬಹುದು. ಅದಕ್ಕೇ ಕುಶಲಕರ್ಮಿಗಳು ಅಳತೆ ತೆಗೆದುಕೊಂಡು ಪ್ರತಿ ಮಾಡುತ್ತಾರೆ. ವಿದ್ಯಾರ್ಥಿಗಳ ಕೈಗೆ ಬರುವುದು ಹೆಚ್ಚಾಗಿ ಅಂಥ ಹೊಸ ಮರದ ಹಳೆಯ ವಾದ್ಯ. ಅದರಲ್ಲೂ ಕರುಳಿನ ತಂತಿ ತೇವಕ್ಕೆ, ಬಿಸಿಲಿಗೆ ಶ್ರುತಿ ತಪ್ಪುತ್ತದೆ. ಎರಡು ಕೃತಿಗಳ ನಡುವೆ ವಾದ್ಯಗಾರರು ತಲೆ ಬಾಗಿಸಿ ಬಿರಡೆ ತಿರುಗಿಸುತ್ತ ಕೂರುತ್ತಾರೆ, ಸಭಿಕರು ಕಾಯುತ್ತಾರೆ.